ಕಾಡಿಗೆ ಡಬ್ಬಿಯ ತಳ

ಯಾರನ್ನೂ ಸಲೀಸಾಗಿ ನಂಬುವ ಹೆಂಗಸಲ್ಲ ನಾನು. ಮಾಲ್ದೀವ್ಸ್‌ನ ಒಂದು ಶಾಲೆಯಲ್ಲಿ ಒಂದನೇ ತರಗತಿಗೆ ಟೀಚರ್ ಬೇಕಂತೆ ಎಂದು ಭಾಗ್ಯನಗರದ ಏಜೆಂಟ್ ಹೇಳಿದಾಗ, ಮೊದಲು ನೋಡಿದ್ದು ಅವನ ಬೋರ್ಡನ್ನು. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಿನ್ನೆ ಅಂಗಡಿ ತೆರೆದವನು ನಾಳೆ ಮುಚ್ಚುವುದಿಲ್ಲ ಎಂದು ಏನು ಗ್ಯಾರಂಟಿ? ಆದರೂ ಸಹಿ ಹಾಕಿದೆ. ಯಲಬುರ್ಗಾದಲ್ಲಿ ಅತಿಥಿ ಶಿಕ್ಷಕಿಯಾಗಿ ಸವೆದದ್ದು ಸಾಕಾಗಿತ್ತು.

ಐದು ವರ್ಷದ ಮಗಳನ್ನು ಕುಷ್ಟಗಿಯಲ್ಲಿ ಅವ್ವನ ಹತ್ತಿರ ಬಿಟ್ಟೆ. ಹೊರಡುವಾಗ ಮಗಳ ಕಾಡಿಗೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವ್ವ ಆಗಷ್ಟೇ ಅದನ್ನು ತುಂಬಿಟ್ಟಿದ್ದಳು. ನಾನು ಕಾಡಿಗೆ ಹಚ್ಚುವವಳಲ್ಲ, ಮಗಳ ನೆನಪಿಗಿರಲಿ ಎಂದು ಒಯ್ದೆ ಅಷ್ಟೇ.

ಅಲ್ಲಿ ಹೋದರೂ ಹುಟ್ಟುಗುಣ ಬಿಡಲಿಲ್ಲ. ಪಾಸ್‌ಪೋರ್ಟನ್ನು ದಿಂಬಿನೊಳಗಿಟ್ಟು ಹೊಲಿದೆ. ಹೆಡ್ ಮೇಡಂ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಿದ್ದೆ.

ನನ್ನ ತರಗತಿಯಲ್ಲೊಬ್ಬಳು ಅಳುಬುರುಕಿ ಇದ್ದಳು. ಜ್ವರ ಬಿಟ್ಟು ಅವಳು ಮತ್ತೆ ಶಾಲೆಗೆ ಬಂದ ದಿನ, ಪಾಪ, ದೃಷ್ಟಿ ತಾಗಿರಬೇಕು ಅನ್ನಿಸಿ ಕೆನ್ನೆಗೊಂದು ಕಪ್ಪು ಬೊಟ್ಟು ಇಟ್ಟುಬಿಟ್ಟೆ. ನಮ್ಮ ಕಡೆ ಬೊಟ್ಟಿಲ್ಲದ ಕೂಸನ್ನು ಹೊಸಿಲು ದಾಟಿಸುವುದಿಲ್ಲ. ಮರುದಿನವೇ ಹೆಡ್ ಮೇಡಂ ಕರೆದು, ಮಕ್ಕಳ ಮುಖಕ್ಕೆ ಏನನ್ನೂ ಹಚ್ಚಕೂಡದು ಎಂದರು. ಅದು ಹೋಗಲಿ, ಬೊಟ್ಟಿಟ್ಟ ದಿನದ ಫೋಟೋವನ್ನು ಅವ್ವನ ಫೋನಿಗೆ ಕಳಿಸಿದ್ದೆ ನೋಡಿ, ಅದು ನನ್ನ ದೊಡ್ಡ ತಪ್ಪು.

“ಯಾರವ್ವಾ ಆಕಿ? ಆಕಿಗ್ಯಾಕ ಬೊಟ್ಟ ಹಚ್ಚಿದಿ?” ವಿಡಿಯೊದಲ್ಲಿ ಮಗಳು ಕೇಳಿದಳು.

“ನಮ್ಮ ಸಾಲಿ ಹುಡುಗಿ ಐತವ್ವಾ.”

“ಸುಳ್ಳು! ನೀ ಅಲ್ಲಿ ಬ್ಯಾರೆ ಮಗಳನ್ನ ಮಾಡ್ಕೊಂಡಿ.”

ಆಮೇಲೆ ಫೋನಿಗೇ ಬರಲಿಲ್ಲ. “ಹಟ ಹಿಡದಾಳ, ನೀನ ಬಂದು ರಮಿಸು,” ಎಂದಳು ಅವ್ವ. ಮಗಳು ಕೈತಪ್ಪುತ್ತಾಳೇನೋ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ರಜೆಗೆ ಬಂದೆ. ಮಗಳು ಹತ್ತಿರ ಸುಳಿಯಲಿಲ್ಲ. ನೇರ ನನ್ನ ಚೀಲದ ಜಿಪ್ ಎಳೆದು ಬಟ್ಟೆಗಳನ್ನೆಲ್ಲ ಕಿತ್ತು ಹಾಕತೊಡಗಿದಳು.

“ಏನ್ ಹುಡಕಾಕತ್ತಿ?”

“ಆಕಿ ಫ್ರಾಕು.”

ನಗು ಬಂತು. ಅಷ್ಟರಲ್ಲಿ ಅವಳ ಕೈಗೆ ಕಾಡಿಗೆ ಡಬ್ಬಿ ಸಿಕ್ಕಿತು.

“ಆಕಿಗೆ ಎಷ್ಟ ಸಲ ಹಚ್ಚಿದಿ?”

“ಒಂದ ಸಲ ಅಷ್ಟ. ನಿನ್ನ ಆಣಿ!”

ಅವಳು ಮುಚ್ಚಳ ತೆಗೆದಳು. ತಳ ಫಳಫಳ ಹೊಳೆಯುತ್ತಿತ್ತು.

“ಮತ್ತ ಇದು ಹ್ಯಾಂಗ ಖಾಲಿ ಆತು?”

ಮೇಡಂ ಬೇಡವೆಂದ ಮೇಲೂ ದಿನಾ ಮುಂಜಾನೆ ಆ ಹುಡುಗಿಯ ಕೂದಲು ಸರಿಸಿ, ಯಾರಿಗೂ ಕಾಣದಂತೆ ಕಿವಿಯ ಹಿಂದೆ ಬೊಟ್ಟಿಡುತ್ತಿದ್ದೆ. ಇಟ್ಟರೆ ಅವಳು ಅಳು ನಿಲ್ಲಿಸುತ್ತಿದ್ದಳು, ನನ್ನ ಸಂಕಟವೂ ಒಂದಿಷ್ಟು ಇಳಿಯುತ್ತಿತ್ತು. ಈಗ ಹೆತ್ತ ಮಗಳ ಮೇಲೆಯೇ ಸುಳ್ಳು ಆಣೆ ಮಾಡಿ ನಿಂತಿದ್ದೆ.

ಅವಳು ಕಿರುಬೆರಳಿನಿಂದ ತಳದ ಅಂಚು ಕೆರೆದು ತನ್ನ ಕೆನ್ನೆಗೆ ತಾನೇ ಬೊಟ್ಟಿಟ್ಟುಕೊಂಡಳು. ಮುಚ್ಚಳ ಹಾಕಿ ಡಬ್ಬಿಯನ್ನು ಅವ್ವನ ಕೈಗೆ ಕೊಟ್ಟಳು. ನನ್ನ ಕಡೆ ಬೆರಳು ತೋರಿಸಿ ಹೇಳಿದಳು:

“ಅಜ್ಜಿ, ಇದನ್ನ ಮ್ಯಾಲ ಇಡು. ಈಕಿ ಕೈಗೆ ಸಿಗಬಾರದು.”