ಮೈಯಿಲ್ಲದ ಮೋಟಾರು, ಹಾರ್ಕರ್ ಇಳಿಜಾರು

ಡರ್ಬಿಶೈರ್ ಗುಡ್ಡಗಳಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೋಟಾರು ಕಾರ್ಖಾನೆಯ ಹಿಂಬಾಗಿಲಿನಿಂದ ಹೊರಬೀಳುವ ಗಾಡಿಗೆ ನಾಲ್ಕು ಚಕ್ರ, ಎಂಜಿನ್ನು, ಸ್ಟೀರಿಂಗು ಬಿಟ್ಟರೆ ಮತ್ತೇನೂ ಇಲ್ಲ. ಬಾಗಿಲಿಲ್ಲ, ಚಾವಣಿಯಿಲ್ಲ, ಮೆತ್ತೆಯಂತೂ ಇಲ್ಲವೇ ಇಲ್ಲ. ಬರಿಯ ಚೌಕಟ್ಟಿಗೆ ಬಿಗಿದ ಮರದ ಪೆಟ್ಟಿಗೆಯ ಮೇಲೆ ಈನಕ್ ಬ್ಯಾಗ್‌ಷಾ ಕೂತಿದ್ದಾರೆ. ಅವರ ಬೆನ್ನ ಹಿಂದೆ, ಮುಂದೊಂದು ದಿನ ಶ್ರೀಮಂತರು ಒರಗಿ ಕೂರುವ ಜಾಗದಲ್ಲಿ, ಮರಳಿನ ಮೂಟೆಗಳು.

"ಮೂಟೆಗಳೇ ವಾಸಿ. ಚಳಿ ಅನ್ನಲ್ಲ, ನಿಧಾನ ಹೋಗಪ್ಪ ಅನ್ನಲ್ಲ" ಎಂದು, ಪತ್ರಿಕೆಯ ಪರವಾಗಿ ಜೊತೆಗೆ ಹೊರಟ ನನಗೆ ಹೇಳುತ್ತ ಅವರು ಕೋಟಿನೊಳಗೆ ಹಳೆಯ ಪತ್ರಿಕೆ ತುರುಕಿಕೊಳ್ಳುತ್ತಾರೆ. "ನಿಮ್ಮ ಭಾನುವಾರದ ಪುರವಣಿ ದಪ್ಪ ಇರುತ್ತೆ ನೋಡಿ, ಎದೆಗೆ ಬೆಚ್ಚಗೆ."

ಕಲ್ಲುಗಣಿಯ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದ ಮನೆತನ ಅವರದು. ಮಹಾಯುದ್ಧ ಮುಗಿಸಿ ಬಂದವರಿಗೆ ಸಿಕ್ಕಿದ್ದು ಈ ಕೆಲಸ: ಮೈ ಕಟ್ಟುವ ಮೊದಲು ಪ್ರತಿ ಮೋಟಾರನ್ನೂ ಗುಡ್ಡ ಹತ್ತಿಸಿ ಇಳಿಸಿ, ಅದರ ನೋವು ನರಳಾಟ ಕೇಳಿಕೊಂಡು ಬರುವುದು. ಮಳೆ, ಮಂಜು, ಬಾಯಿಗೆ ನುಗ್ಗುವ ಹುಳುಗಳು ಇವೆಲ್ಲ ಸಂಬಳದ ಜೊತೆಗೆ ಪುಕ್ಕಟೆ. ಹೆಂಡತಿ ಏಡಾ ಕೇಳುವುದುಂಟು: "ಮದುವೆ ಆಗಿದ್ದು ನನ್ನನ್ನೋ, ಆ ಗುಡ್ಡಾನೋ?"

ಆ ಗುಡ್ಡ ಒಮ್ಮೆ ಕೈ ಕೊಟ್ಟಿತ್ತು. ಎರಡು ವರ್ಷದ ಹಿಂದೆ, ಪಕ್ಕದಲ್ಲಿ ಗೆಳೆಯ ಕ್ಲೆಮ್ ರೋಬಾಟಮ್. ಹಾರ್ಕರ್ ಇಳಿಜಾರಿನ ತಿರುವಿನಲ್ಲಿ ಕಲ್ಲಿನ ಬಂಡಿಯೊಂದು ಎದುರಾಯಿತು. ಆಗ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಈನಕ್ ಒತ್ತಿದರು, ಒದ್ದೆ ರಸ್ತೆಯಲ್ಲಿ ಗಾಡಿಯ ಹಿಂಭಾಗ ಜಾರಿ ಕಲ್ಲುಗೋಡೆಗೆ ಬಡಿಯಿತು. ಕ್ಲೆಮ್‌ನ ಕಾಲು ಮುರಿಯಿತು.

ಆಸ್ಪತ್ರೆಯಲ್ಲಿ ಈನಕ್ ತಲೆಯೆತ್ತದೆ ಕೂತಿದ್ದಾಗ ಕ್ಲೆಮ್ ಹೇಳಿದ್ದು ಇಷ್ಟು: "ತಪ್ಪು ನಿಂದಲ್ಲ ಕಣೋ, ಗಾಡೀದು. ಅದಕ್ಕೆ ಬಾಯಿಲ್ಲ. ನೀನೇ ಹೋಗಿ ಹೇಳು."

ಈನಕ್ ಹೋಗಿ ಹೇಳಿದರು. ನಕ್ಷೆ ಬರೆಯುವ ಎಂಜಿನಿಯರ್ ಪಾರ್ಜಿಟರ್ ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರಿಟ್ಟರು.

"ಮುಂದಿನ ಚಕ್ರಕ್ಕೂ ಬ್ರೇಕ್ ಹಾಕಬಹುದು ಈನಕ್. ಆದ್ರೆ ಸ್ಟೀರಿಂಗು ಕೈ ತಪ್ಪಿದ್ರೆ? ನಂಗೆ ಭಯ."

"ನಂಗೂ ಭಯಾನೇ ಸಾರ್. ಇಬ್ರೂ ಒಟ್ಟಿಗೆ ಹೋಗಿ ಭಯಪಡೋಣ ಬನ್ನಿ."

ಮುಂದಿನ ಚಕ್ರಗಳಿಗೂ ಬ್ರೇಕು ಹಾಕಿಸಿ ಪಾರ್ಜಿಟರ್ ನಿಜಕ್ಕೂ ಬಂದರು. ಕ್ಲೆಮ್ ಕೂರುತ್ತಿದ್ದ ಜಾಗದಲ್ಲೇ ಕೂತರು. ತಿರುವು ಬರುತ್ತಲೇ ಮುಂದಿನ ಒಂದು ಚಕ್ರ ತಾನಾಗಿ ಬಿಗಿದುಕೊಂಡು ಗಾಡಿಯನ್ನು ಗೋಡೆಯತ್ತ ಎಳೆಯಿತು. ಹೇಗೋ ನಿಲ್ಲಿಸಿದ್ದಾಯಿತು. ಸೂಟು ತೊಟ್ಟ ಎಂಜಿನಿಯರ್ ಕೆಸರಿನಲ್ಲಿ ಮಂಡಿಯೂರಿದರು, ಈನಕ್ ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಿದರು. ಚಕ್ರ ಹೊರಳಿದಾಗಲೆಲ್ಲ ಬ್ರೇಕಿನ ಸಲಾಕೆಯೂ ಎಳೆಯುತ್ತಿರುವುದು ಆಗ ಕಣ್ಣಿಗೆ ಬಿತ್ತು. ಆ ಎಳೆತ ತಪ್ಪುವಂತೆ, ಚಕ್ರ ಹೊರಳುವ ಕೀಲಿನ ನೇರಕ್ಕೇ ಸಲಾಕೆಯ ತುದಿಯನ್ನು ತರಲು ಚಳಿಗಾಲವೆಲ್ಲ ಹಿಡಿಯಿತು. ಮಾಡುವುದು, ಓಡಿಸುವುದು, ಬೈದುಕೊಳ್ಳುವುದು, ಬಿಚ್ಚುವುದು.

ಕ್ಲೆಮ್ ಈಗ ಕುಂಟುತ್ತ ಓಡಾಡುತ್ತಾನೆ. ಬ್ರೇಕು ಜೋಡಿಸುವ ಮೇಜು ಅವನದೇ. "ಅವ್ನು ಬಿಗಿ ಮಾಡಿದಾನೆ ಅಂದ್ರೆ ನಾನು ತಿರುಗಿ ನೋಡಲ್ಲ" ಎನ್ನುತ್ತಾರೆ ಈನಕ್.

ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ, ಏಡಾ ಕಟ್ಟಿಕೊಟ್ಟ ಓಟ್ಸ್ ರೊಟ್ಟಿ ಬಿಚ್ಚುತ್ತಾರೆ. ಅಷ್ಟರಲ್ಲಿ ಮೇಲಿನಿಂದ ಇದೇ ಕಾರ್ಖಾನೆಯ, ಹೊಸ ಬ್ರೇಕಿನ ಹಸಿರು ಕಾರೊಂದು ಇಳಿದು ಬರುತ್ತದೆ. ಮೈ ತುಂಬಿಕೊಂಡು, ಮದುವಣಗಿತ್ತಿಯ ಹಾಗೆ. ಕುರಿಮಂದೆಯೊಂದು ರಸ್ತೆಗೆ ಅಡ್ಡ ನುಗ್ಗುತ್ತದೆ. ಈನಕ್ ಅಗಿಯುವುದನ್ನು ನಿಲ್ಲಿಸುತ್ತಾರೆ. ಕಾರು ಒಂದಿಷ್ಟೂ ಜಾರದೆ, ಮುಗ್ಗರಿಸದೆ ನಿಲ್ಲುತ್ತದೆ. ಒಳಗೆ ಟೋಪಿ ತೊಟ್ಟ ಹೆಂಗಸೊಬ್ಬರು ಕೈಯಾಡಿಸುತ್ತ ಪಕ್ಕದವರಿಗೆ ಏನೋ ಹೇಳುತ್ತಿದ್ದಾರೆ, ಹೇಳುತ್ತಲೇ ಇದ್ದಾರೆ. ಕುರಿಗಳು ದಾಟುತ್ತವೆ, ಕಾರು ಹೊರಟುಹೋಗುತ್ತದೆ.

"ನೋಡಿದ್ರಾ?" ಈನಕ್ ಮೆಲ್ಲಗೆ ಕೇಳುತ್ತಾರೆ. "ಆಯಮ್ಮ ಮಾತು ನಿಲ್ಲಿಸ್ಲೇ ಇಲ್ಲ."