ಭಂಡಾರ ಹಚ್ಚಿದ ಕಣ್ಣು

ಒಣಗಿದ ಜ್ವಾಳದ ದಂಟು ಕಂಡ್ರ ಇವತ್ತಿಗೂ ನನ್ನ ಮೈ ಝುಮ್ ಅಂತೈತಿ. ಹೊಲದಾಗ ನಿಂತದ್ದು ಏನೂ ಮಾಡೂದಿಲ್ಲ. ಗೇಣುದ್ದ ಮುರದು ಕೈಯಾಗ ಹಿಡದದ್ದು ಕಂಡ್ರ ಅಷ್ಟ. ಮೊಮ್ಮಕ್ಕಳು ಅದರಲೆ ಗಾಡಿ ಮಾಡಿ ಆಡಾಕ ಹತ್ತಿದ್ರ "ಒಗೀರಿ ಅದನ್ನ ಅತ್ತಾಗ" ಅಂತ ಬೈತೇನಿ. ಅವು ನಗತಾವ, ಅಮ್ಮಗ ತಲಿ ಕೆಟ್ಟೈತಿ ಅಂತಾವ. ತಲಿ ನೆಟ್ಟಗ ಐತಿ. ಕೆಟ್ಟಿದ್ರ ಮರತಾದ್ರೂ ಹೋಗತಿತ್ತು.

ಆಗ ತೊಂಬತ್ತರ ದಶಕ ಮುಗಿಯಾಕ ಬಂದಿತ್ತು. ಬೈಲಹೊಂಗಲದಿಂದ ಸವದತ್ತಿಗೆ ಹೋಗೂ ರಸ್ತೆದಾಗ ಒಂದು ಎಣ್ಣಿ ಗಿರಣಿ. ಶೇಂಗಾ ಎಣ್ಣಿ ತಗದು, ಹದಿನೈದು ಕಿಲೋ ಹಿಡಿಯೂ ತಗಡಿನ ಡಬ್ಬಿ ತುಂಬಿ, ಕಿತ್ತೂರು, ರಾಮದುರ್ಗದ ಅಂಗಡಿಗೋಳಿಗೆ ಕಳಸತಿದ್ರು. ನಾವು ಆರು ಮಂದಿ ಹೆಣ್ಮಕ್ಕಳು ಡಬ್ಬಿ ತುಂಬೂ ಕೆಲಸಕ್ಕ ಇದ್ವಿ. ನನ್ನ ತವರ್ಮನಿ ಸಿರಸಂಗಿ ಹತ್ತಿರ, ಬೈಲಹೊಂಗಲಕ್ಕ ಕೊಟ್ಟಿದ್ರು. ಏಳನೇತ್ತಾ ತನಕಾ ಸಾಲಿ ಕಲತಿದ್ದೆ. ಅದರ ಸೊಕ್ಕೂ ಸ್ವಲ್ಪ ಇತ್ತು.

ಮೊದಲು ಎಲ್ಲಾ ಕೈಲೇ ಆಗತಿತ್ತು. ಎಣ್ಣಿ ಸುರವೂದು, ತೂಗೂದು, ಮುಚ್ಚಳಾ ಇಟ್ಟು ಕಟಗಿ ಸುತ್ತಿಗಿಲೆ ಬಡಿಯೂದು. ಒಂದು ವರ್ಷ ಬ್ಯಾಸಗಿ ಮುಗಿಯೂದ್ರಾಗ ಸಾವ್ಕಾರ್ರು ಮಷೀನು ತಂದ್ರು. ಪಟ್ಟಾದ ಮ್ಯಾಲ ಖಾಲಿ ಡಬ್ಬಿ ಸರಕೊಂತ ಬರತಾವ. ಮ್ಯಾಲಿಂದ ನಳಾ ಇಳದು ಎಣ್ಣಿ ತುಂಬತೈತಿ. ಮುಂದ ಸರದ ಮ್ಯಾಲ ನಾವು ಮುಚ್ಚಳಾ ಇಡಬೇಕು, ಆಮ್ಯಾಲ ಪ್ರೆಸ್ಸು ಅಂತ ಒಂದು ಕಬ್ಬಿಣದ ಗುಂಡು ಧಡ್ ಅಂತ ಇಳದು ಮುಚ್ಚಳಾ ಒತ್ತಿ ಕೂಡಸತೈತಿ. ಅದು ಇಳದಾಗ ಕಾಲ ಕೆಳಗಿನ ಫರಸಿ ಸೈತ ನಡಗತಿತ್ತು.

ಅದನ್ನ ಕೂಡಸಾಕ ಪುಣೆದಿಂದ ಒಬ್ಬ ಫಿಟ್ಟರ್ ಬಂದಿದ್ದ. ಅರ್ಧ ಮರಾಠಿ, ಅರ್ಧ ಕನ್ನಡ. ಪ್ರೆಸ್ಸಿನ ಬಾಯಾಗ ಎಡಕ್ಕೊಂದು ಬಲಕ್ಕೊಂದು ಕಡಲಿಕಾಳಿನಷ್ಟು ಗಾಜಿನ ಕಣ್ಣು ಇದ್ವು. ಒಂದು ಕಣ್ಣು ಬೆಳಕು ಬಿಡತಿತ್ತು, ಇನ್ನೊಂದು ಹಿಡೀತಿತ್ತು. ನಡುವ ಕೈ ಬಂದ್ರ ಬೆಳಕು ಕಡೀತೈತಿ, ಒಂದು ಕೆಂಪು ದೀಪ ಹತ್ತತೈತಿ, ಪ್ರೆಸ್ಸು ಇದ್ದಲ್ಲೇ ನಿಲ್ಲತೈತಿ. ಫಿಟ್ಟರ್ ಅಂಗಳದಾಗ ಬಿದ್ದಿದ್ದ ಒಂದು ಜ್ವಾಳದ ದಂಟು ತಂದು ಅದರ ಬಾಯಾಗ ಹಿಡದು ತೋರಿಸಿದ. ಇಳಿಯಾಕ ಹತ್ತಿದ ಗುಂಡು ಗಕ್ಕನ ನಿಂತ್ತು. ನಾವು "ಎವ್ವಾ!" ಅಂದ್ವಿ.

"ದಿನಾ ಮುಂಜಾನಿ ಹಿಂಗ ದಂಟು ಹಿಡದು ನೋಡಬೇಕ್ರಿ. ನಿಂತ್ರಷ್ಟೇ ಕೆಲಸ ಚಾಲೂ ಮಾಡ್ರಿ. ನಿಮ್ಮೊಳಗ ದೊಡ್ಡ ಬಾಯಿ ಯಾರದೈತಿ?" ಅಂದ.

ಎಲ್ಲಾರೂ ನನ್ನ ಕಡೆ ಬಟ್ಟು ಮಾಡಿದ್ರು. ಖರೇನೂ ಇತ್ತು. ನನ್ನ ಬಾಯಿಗೆ ಹೆದರಿ ಸಂತ್ಯಾಗ ಕಾಯಿಪಲ್ಲೆದವರು ಒಂದು ಹಿಡಿ ಕೊತ್ತಂಬರಿ ಹೆಚ್ಚಿಗಿ ಕೊಡತಿದ್ರು. ಹಂಗ ಆ ಕೆಲಸ ನನಗ ಬಂತು. ಮುಂಜಾನಿ ದಂಟು ಹಿಡದು ನೋಡೂದು, ನಿಂತ್ತು ಅಂದ್ರ ಮಷೀನಿನ ಮಗ್ಗಲದ ಹಸರು ತಗಡಿನ ಮ್ಯಾಲ ಸಾಲಿ ಖಡೂಲೆ ಒಂದು ಬಿಳೇ ಗೀಟು ಎಳಿಯೂದು. ದಿನಕ್ಕ ಒಂದು ಗೀಟು.

ಪ್ರೆಸ್ಸಿನ ಮುಂದ ಕೂಡ್ರಾಕಿ ಅಕ್ಕ. ನಮಗೆಲ್ಲಾ ದೊಡ್ಡಾಕಿ, ಅದಕ್ಕ ಎಲ್ಲಾರೂ ಅಕ್ಕ ಅಂತಿದ್ವಿ. ಸವದತ್ತಿ ಕಡೆಯಾಕಿ. ಸಾಲಿ ಮೆಟ್ಲಾ ಹತ್ತಿದಾಕಿ ಅಲ್ಲ, ಆದ್ರ ಆಕಿ ಕೈ ನೋಡಬೇಕಿತ್ತು! ರೊಟ್ಟಿ ಬಡೀಲಿಕ್ಕೆ ಕುಂತ್ಲಂದ್ರ ಚಂದ್ರನಂಥಾ ರೊಟ್ಟಿ, ಹಪ್ಪಳದಷ್ಟು ತೆಳು. ಲಗ್ನದ ಮನಿಯವರು ಆಕೀನ್ನ ಕೇಳೇ ದಿನಾ ಗೊತ್ತು ಮಾಡತಾರ ಅಂತ ನಾವು ಚ್ಯಾಷ್ಟಿ ಮಾಡತಿದ್ವಿ. ಮುಚ್ಚಳಾ ಸೊಟ್ಟ ಕುಂತಿದ್ರ ಪ್ರೆಸ್ಸು ಇಳಿಯೂದ್ರಾಗ ಎರಡು ಬಟ್ಟಿಲೆ ಸರಿ ಮಾಡಿ ಕೈ ತಕ್ಕೊಂಡಬಿಡತಿದ್ಲು. ಕೈ ಒಳಗ ಇರೂತನಾ ಪ್ರೆಸ್ಸು ಕಾಯತಿತ್ತು. "ಮಗಾ, ನೀ ಸೊಸಿಗಿಂತ ಛಲೋ, ಹೇಳಿದ್ದು ಕೇಳತಿ" ಅಂತ ಅದರ ತಲಿ ಸವರತಿದ್ಲು.

ಆ ವರ್ಷ ಖಂಡೇಪೂಜಿ ಬಂತು. ಗಿರಣ್ಯಾಗ ಹಾರಿ, ಸುತ್ತಿಗಿ, ತಕ್ಕಡಿ ಎಲ್ಲಾದಕ್ಕೂ ಪೂಜಿ. ಹೊಸಾ ಮಷೀನಿಗೆ ಚೆಂಡು ಹೂವಿನ ಮಾಲಿ ಹಾಕಿ, ಇಬತ್ತಿ ಬಳದು, ಕುಂಕುಮ ಇಟ್ವಿ. ಅಕ್ಕ ಎಲ್ಲಮ್ಮನ ಗುಡ್ಡದಿಂದ ಭಂಡಾರ ತಂದಿದ್ಲು. ಅರಿಷಿಣದ ಹುಡಿ, ತಾಯಿ ಪಾದಕ್ಕ ಮುಟ್ಟಿಸಿದ್ದು. ಅದನ್ನ ಎಣ್ಣ್ಯಾಗ ಕಲಿಸಿ ನನ್ನ ಅಂಗೈಯಾಗ ಇಟ್ಲು.

"ಕಣ್ಣಿಗೂ ಹಚ್ಚಲೇನಬೇ ಯಕ್ಕಾ?" ಅಂದೆ.

"ಹಚ್ಚವಾ ತಂಗಿ. ನಮ್ಮನ್ನ ಕಾಯೂದೇ ಅದಲ್ಲಾ, ಅದಕ್ಕ ಮೊದಲು ಹಚ್ಚು."

ಎರಡೂ ಕಣ್ಣಿಗೆ ದಪ್ಪಗ ಬಟ್ಟಿಲೆ ಮೆತ್ತಿದೆ. ಮೆತ್ತಿದ್ದು ನಾನು, ಇದೇ ಬಲಗೈ ಬಟ್ಟು.

ಮರುದಿನ ಮಷೀನು ಏಳವಲ್ದು. ಕೆಂಪು ದೀಪ ಹತ್ತಿದ್ದು ಆರವಲ್ದು. ಕಣ್ಣು ಮುಚ್ಚಿದ್ವಲ್ಲ, ಯಾರೋ ಕೈ ಇಟ್ಟಾರ ಅಂತ ಪ್ರೆಸ್ಸು ಇಳೀಲಿಲ್ಲ. ಖರೇ ನೋಡಿದ್ರ ಅದು ತನ್ನ ಧರ್ಮಾ ಬಿಟ್ಟಿದ್ದಿಲ್ಲ. ಒಂದು ಅರಿವಿ ತಗೊಂಡು ಒರಸಿದ್ರ ಮುಗೀತಿತ್ತು. ಆದ್ರ ಎಲ್ಲಮ್ಮನ ಭಂಡಾರ, ಪೂಜಿ ಮಾಡಿ ಐದ ದಿನ ಆಗೂತನಾ ಒರಸಬಾರದು ಅಂತ ನಮ್ಮ ರಿವಾಜು. ಸಾವ್ಕಾರ್ರಿಗೂ ಒರಸು ಅನ್ನಾಕ ಧೈರ್ಯ ಆಗಲಿಲ್ಲ. ಗಿರಣಿ ವಾಯರಮನ್ ಬಂದು ಕರೆಂಟಿನ ಪೆಟಗಿ ಬಾಗಲಾ ತಗದ. ನಾನೇ ಆ ಬಾಗಲಾ ಹಿಡಕೊಂಡು ನಿಂತಿದ್ದೆ. ಒಂದು ಗೇಣು ಕೆಂಪು ವಾಯರು ಕೊಯ್ದು ಎರಡು ಸ್ಕ್ರೂಗೆ ಜೋಡಿಸಿದ. ಕಣ್ಣಿನ ಮಾತು ಪ್ರೆಸ್ಸಿಗೆ ಮುಟ್ಟದಂಗ ಆತು.

"ಐದ ದಿನದ ಪೂರ್ತೆಕ ಅಷ್ಟರಿ. ಈಗ ಕಣ್ಣು ಕಾಯೂದಿಲ್ಲ. ಯಾರೂ ಕೈ ಹಾಕಬ್ಯಾಡ್ರಿ, ಕೋಲಿಲೆ ಮುಚ್ಚಳಾ ಸರಸ್ರಿ" ಅಂದ.

ಐದ ದಿನ ನಾ ಗೀಟು ಎಳೀಲಿಲ್ಲ. ಅಕ್ಕ ಕೋಲಿಲೆ ಸರಿಸಿದ್ಲು. ಆರನೇ ದಿನ ಬಂದು ನೋಡತೇನಿ, ಕಣ್ಣು ಸ್ವಚ್ಛ ಆಗ್ಯಾವು, ಕೈ ಅಡ್ಡ ಒಯ್ದ್ರ ದೀಪ ಹತ್ತತೈತಿ, ತಗದ್ರ ಆರತೈತಿ. ಹಾಂ, ಸರಿ ಆತು ಅಂತ ದಂಟು ಹಿಡದೆ.

ಗುಂಡು ಇಳೀತು. ಕೆಂಪು ದೀಪ ಹತ್ತಿತ್ತು, ಆದ್ರೂ ಇಳೀತು. ದಂಟು ಚಪ್ಪಟಿ ಆಗಿ ಎರಡು ತುಂಡಾಗಿ ನನ್ನ ಕಾಲಾಗ ಬಿತ್ತು.

ವಾಯರಮನ್ ತನ್ನ ಅಣ್ಣನ ಲಗ್ನಕ್ಕಂತ ರಾಮದುರ್ಗಕ್ಕ ಹೋಗಿದ್ದ. ಕೆಂಪು ವಾಯರು ಪೆಟಗಿಯಾಗ ಹಂಗೇ ಕುಂತಿತ್ತು. ನಾ ಮ್ಯಾನೇಜರ್ ಕಡೆ ಓಡಿದೆ. ಮುರದ ದಂಟು ತೋರಿಸಿದೆ.

"ದೀವಳಗಿ ಬಂತು. ಎಣ್ಣಿ ಎಣ್ಣಿ ಅಂತ ಮಂದಿ ಬಾಗಲದಾಗ ನಿಂತಾರ. ಅಂವಾ ಬಂದ ಕೂಡ್ಲೇ ತಗಸ್ತೇನಿ" ಅಂದ್ರು.

"ಅಲ್ಲೀತನಾ ಅಕ್ಕಗ ಹೇಳತೇನ್ರಿ, ಕೋಲಿಲೇ ಮಾಡ್ಲಿ."

"ಕೋಲಿಲೆ ಮಾಡಿದ್ರ ಅರ್ಧ ಡಬ್ಬಿನೂ ಆಗೂದಿಲ್ಲ. ಸುಮ್ನ ಹೆಂಗಸರನ್ನ ಹೆದರಿಸಬ್ಯಾಡ. ಮತ್ತ ಕಣ್ಣಿಗೆ ಭಂಡಾರ ಮೆತ್ತಿದಾಕಿ ಯಾರಂತ ಸಾವ್ಕಾರ್ರು ಕೇಳಿದ್ರ ಏನ ಹೇಳಲಿ? ಹೋಗು, ಗೀಟು ಎಳಿ."

ಬಂದೆ. ಖಡು ತಗೊಂಡೆ. ಎಳದೆ.

ಇಷ್ಟು ವರ್ಷ ಆತು, ಆ ಗೀಟು ನನ್ನ ಕಣ್ಣ ಮುಂದಿಂದ ಹೋಗವಲ್ದು. ಅಕ್ಕ ಆ ದಿನ ಕೋಲು ಗ್ವಾಡಿಗೆ ಆನಿಸಿಟ್ಟು ಕೈ ಹಾಕಿದ್ಲು. ದೀಪ ಹತ್ತೂದು ನೋಡಿ ನಂಬಿದ್ಲು ಅಂತ ನಾ ತಿಳಕೊಂಡೆ. ಮಧ್ಯಾಹ್ನ ಹೇಳಿಬಿಡೂಣು ಅಂತ ಬಾಯಿ ತಗದೆ. "ತಗೋ ತಂಗಿ, ಮೆತ್ತನ ರೊಟ್ಟಿ, ಖಾರದ ರಂಜಕಾ ಹಚ್ಚೇನಿ" ಅಂತ ಕೈಯಾಗ ಇಟ್ಲು. ತಿಂದೆ. ಥೂ, ಎಂಥಾ ಬಾಯಿ ಇದು! ಕೊತ್ತಂಬರಿ ಸಲುವಾಗಿ ಊರು ಎಬ್ಬಸತಿತ್ತು, ಆ ದಿನ ರೊಟ್ಟಿ ತಿಂದು ಮುಚ್ಚಿಕೊಂಡಿತು.

ವಾಯರಮನ್ ರಾಮದುರ್ಗದಾಗೇ ಅಂಗಡಿ ಹಾಕಿದ, ತಿರುಗಿ ಬರಲಿಲ್ಲ. ದೀವಳಗಿ ಹೋತು. ಮ್ಯಾನೇಜರ್ ಇವತ್ತು ನಾಳೆ ಅಂದ್ರು, ನಾ ದಿನಾ ಗೀಟು ಎಳಕೋತ ಹೋದೆ. ಆ ಕಣ್ಣು ದಿನಾ ನೋಡತಿತ್ತು. ಅಕ್ಕನ ಕೈ ಒಳಗ ಹೋತು, ಕೆಂಪು ದೀಪ. ಹೊರಗ ಬಂತು, ಆರಿತು. ಮುಂಜಾನಿಂದ ಸಂಜೀತನಾ ಅದು ಅಪಾಯ ಅಪಾಯ ಅಂತ ಹೇಳೂದೇ ಹೇಳೂದು, ಕೇಳವರು ಯಾರೂ ಇದ್ದಿಲ್ಲ. ನಾ ಡಬ್ಬಿ ಎಣಿಸೂದು ಬಿಟ್ಟು ಆ ದೀಪಾನೇ ನೋಡಕೋತ ಕುಂತಿರತಿದ್ದೆ. ಆಕಿ ಕೈ ಚುರುಕು, ಗುಂಡು ಇಳಿಯೂದ್ರಾಗ ಹೊರಗ ಬರತಿತ್ತು. ದೇವರು ದೊಡ್ಡಾಂವ ಅಂತ ಉಸರು ಬಿಡತಿದ್ದೆ.

ಒಂದು ದಿನ ಚಟ್ ಅಂತ ಸಪ್ಪಳಾತು. ಅಕ್ಕನ ಹಸರು ಬಳಿ ಎರಡು ಒಡದು ಎಣ್ಣಿ ಡಬ್ಬಿ ಮ್ಯಾಲ ಬಿದ್ದಿದ್ವು. ಗುಂಡಿನ ಅಂಚು ತಾಗಿತ್ತು. ಅಕ್ಕನ ಮಾರಿ ಬೆಳ್ಳಗಾತು. ಕೈ ನೋಡಕೊಳ್ಳಲಿಲ್ಲ ಆಕಿ. "ಅಯ್ಯ ಶಿವನ! ಮುತ್ತೈದಿ ಬಳಿ ಒಡೀಬಾರದವಾ. ನಮ್ಮನಿಯವರಿಗೆ ಏನಾತೋ ಏನೋ" ಅಂತ ಚಪ್ಪಲ್ ಸೈತ ಹಾಕ್ಕೊಳ್ಳದ ಮನಿಗೆ ಓಡಿದ್ಲು. ಗಂಡ ಕಟ್ಟಿ ಮ್ಯಾಲ ಕುಂತು ಎಲಿ ಅಡಿಕಿ ಹಾಕ್ಕೊಂಡು ಆರಾಮ ಇದ್ದ. ನಗಕೋತ ತಿರುಗಿ ಬಂದ್ಲು. ಮರುದಿನ ಬಳಿಗಾರನ ಕಡೆ ಹೊಸಾ ಬಳಿ ಇಡಿಸಿಕೊಂಡು, ತಾಯಿ ಗಂಡಾಂತರ ಕಳದ್ಲು ಅಂತ ನಮಗೆಲ್ಲಾ ಸಕ್ಕರಿ ಹಂಚಿದ್ಲು. ಗಂಡಾಂತರ ಪೆಟಗಿಯಾಗ ಕುಂತೈತಿ ಅಂತ ನನಗ ಗೊತ್ತಿತ್ತು. ನಾನೂ ಸಕ್ಕರಿ ಬಾಯಾಗ ಹಾಕ್ಕೊಂಡೆ.

ಎಳ್ಳ ಅಮಾಸಿ ಹಿಂದಿನ ದಿನ, ಮುಂಜಾನಿ ಹನ್ನೊಂದರ ಸುಮಾರ. ಹೊಲಕ್ಕ ಭೂಮಿತಾಯಿಗೆ ಚರಗ ಚೆಲ್ಲಾಕ ಹೋಗಬೇಕು, ಸಜ್ಜಿ ರೊಟ್ಟಿ ಬಡೀಬೇಕು ಅಂತ ಅಕ್ಕ ಗಡಿಬಿಡ್ಯಾಗ ಇದ್ಲು. ಎಷ್ಟು ರೊಟ್ಟಿ, ಯಾವ ಪಲ್ಲೆ ಅಂತ ನನ್ನ ಕಡೆ ಹೊರಳಿ ಹೇಳಕೋತನೇ ಕೈ ಒಳಗ ಹಾಕಿದ್ಲು. ದೀಪ ಹತ್ತಿತು. ನಾ ನೋಡಿದೆ. "ಯಕ್ಕಾ" ಅಂದೆ, ಕೂಗಿದ್ನೋ ಇಲ್ಲೋ ಗೊತ್ತಿಲ್ಲ.

ಸಪ್ಪಳ ದೊಡ್ಡದೇನೂ ಆಗಲಿಲ್ಲ. ದಿನದ ಧಡ್ ಅನ್ನೂ ಸಪ್ಪಳಕ್ಕಿಂತ ಸ್ವಲ್ಪ ಮೆತ್ತಗ ಇತ್ತು.

ಬಲಗೈಯಿನ ಮೂರು ಬಟ್ಟು ಹೋದ್ವು. ಟೆಂಪೋದಾಗ ಹಾಕ್ಕೊಂಡು ಬೆಳಗಾವಿಗೆ ಒಯ್ದ್ರು. ಮಧ್ಯಾಹ್ನಕ್ಕ ಮ್ಯಾನೇಜರ್ ತಾವೇ ಪೆಟಗಿ ತಗದು ಕೆಂಪು ವಾಯರು ಕಿತ್ತು ಕಿಸೇದಾಗ ಹಾಕ್ಕೊಂಡ್ರು. ಎರಡು ನಿಮಿಷದ ಕೆಲಸ ಅದು. ಸಂಜೀಕ ಎಲ್ಲಾರೂ ಹೋದ ಮ್ಯಾಲ ನಾ ಹಸಿ ಅರಿವಿಲೆ ಹಸರು ತಗಡಿನ ಮ್ಯಾಲಿನ ಗೀಟು ಒಂದೂ ಬಿಡದ ಒರಸಿದೆ. ಮರುದಿನದಿಂದ ಕೆಲಸಕ್ಕ ಹೋಗಲಿಲ್ಲ.

ಅಕ್ಕ ಸವದತ್ತಿಗೆ ಮಗನ ಮನಿಗೆ ಹೋದ್ಲು. ನೋಡಾಕ ಹೋದೆ. ಕೈಗೆ ಸೆರಗು ಸುತ್ತಿಕೊಂಡು ಕುಂತಿದ್ಲು. "ತಪ್ಪು ನಂದವಾ ತಂಗಿ," ಅಂದ್ಲು. "ಐದನೇ ದಿನ ಸಂಜೀಕ, ಇನ್ನೂ ಹೊತ್ತು ಮುಣಗಿದ್ದಿಲ್ಲ, ಆ ಮಷೀನಿನ ಕಣ್ಣು ನೋಡಿ ಕರಳು ಚುರ್ ಅಂತು. ಕೂಸಿನ ಕಣ್ಣಾಗ ಖಾರ ಬಿದ್ದಂಗ ಕಂಡ್ತು. ಸೆರಗಿಲೆ ಭಂಡಾರ ಒರಸಿಬಿಟ್ನಿ. ತಾಯಿ ಮುನಿಸಾದ್ಲು, ಕೈ ತಗೊಂಡ್ಲು."

ಅವತ್ತೂ ನಾ ಬಾಯಿ ಬಿಡಲಿಲ್ಲ. ಇದಕ್ಕ ಕ್ಷಮಾ ಇಲ್ಲ, ನನಗ ಗೊತ್ತೈತಿ.

ಹುಣ್ಣಿವಿಗೊಮ್ಮೆ ಆಕಿ ಬರಿಗಾಲಿಲೆ ಗುಡ್ಡ ಹತ್ತಾಕ ಚಾಲೂ ಮಾಡಿದ್ಲು, ತಪ್ಪಾತು ತಾಯಿ ಅನ್ನಾಕ. ನಾನೂ ಬೈಲಹೊಂಗಲದಿಂದ ಬಸ್ ಹತ್ತಿ ಸವದತ್ತಿ ಸ್ಟ್ಯಾಂಡಿನ್ಯಾಗ ಇಳದು ಆಕಿ ಸಂಗತೆ ಹೋಗತಿದ್ದೆ. ಆಕಿ ಎಡಗೈಲೆ ಭಂಡಾರ ಹಾರಿಸಿ, ಹಣಿ ಹಚ್ಚಿ ಅಳತಿದ್ಲು. ನಾ ಮಗ್ಗಲಕ ತೆಂಗಿನಕಾಯಿ ಹಿಡಕೊಂಡು ನಿಂತಿರತಿದ್ದೆ. ಆರೇಳು ವರ್ಷ ಹಿಂಗ ನಡೀತು. ಕಡೀಕ ಒಂದು ಹುಣ್ಣಿವಿ, ಇಳಿಯೂ ಮುಂದ, ಮೆಟ್ಟಲ ಮ್ಯಾಲ ಕುಂತಾಗ ತಡೀಲಾರದ ಎಲ್ಲಾ ಹೇಳಿದೆ. ವಾಯರು, ಮುರದ ದಂಟು, ಮ್ಯಾನೇಜರ್ ಮಾತು, ಎಲ್ಲಾ.

ಆಕಿ ಬೈಲಿಲ್ಲ. ಒಂದೇ ಮಾತು ಕೇಳಿದ್ಲು.

"ಹಂಗಾರ ಗೀಟು?"

"ಸುಳ್ಳೇ ಎಳೀತಿದ್ದೆ ಯಕ್ಕಾ."

"ನನಗ ಓದಾಕ ಬರೂದಿಲ್ಲ ತಂಗಿ," ಅಂದ್ಲು. "ಆ ಮಷೀನಿನ ಮ್ಯಾಲ ಏನೇನೋ ಬರದಿದ್ರು, ದೀಪ ಯಾಕ ಹತ್ತತಿತ್ತು ಯಾಕ ಆರತಿತ್ತು, ನನಗೇನೂ ತಿಳೀತಿದ್ದಿಲ್ಲ. ನೀ ಎಳದ ಗೀಟು ಒಂದು ತಿಳೀತಿತ್ತು. ಐದ ದಿನ ಗೀಟು ಇದ್ದಿಲ್ಲ, ಕೋಲು ಹಿಡದೆ. ಆರನೇ ದಿನ ಗೀಟು ಕಂಡ್ತು, ಕೋಲು ಬಿಟ್ಟೆ."

ಎದ್ದು ಸೆರಗು ಝಾಡಿಸಿಕೊಂಡು, ಕಟ್ಟಿ ಹಿಡಕೊಂಡು ಒಂದೊಂದೇ ಮೆಟ್ಟಲಾ ಇಳದು ಹೋದ್ಲು. ನಾ ಕೈ ಕೊಡಾಕ ಹೋದ್ರ ತಗೊಳ್ಳಲಿಲ್ಲ.

ಮುಂದಿನ ಹುಣ್ಣಿವಿಗೆ ಸವದತ್ತಿ ಸ್ಟ್ಯಾಂಡಿನ್ಯಾಗ ಮಧ್ಯಾಹ್ನದ ತನಕಾ ಕಾದೆ. ಅಕ್ಕ ಬರಲಿಲ್ಲ. ತಪ್ಪು ತನ್ನದಲ್ಲ ಅಂತ ತಿಳದ ಮ್ಯಾಲ ಆಕಿ ಯಾಕ ಗುಡ್ಡ ಹತ್ಯಾಳು? ಚಪ್ಪಲ್ ಬಿಟ್ಟು ನಾನೇ ಹತ್ತಿದೆ.