ಮನೆಯ ಹಿಂದೆ ಮನೆ ಕಟ್ಟಿಕೊಂಡ ಥಾವ್ರಿ

ಬೆಳಕು ಹರಿಯುವ ಮೊದಲೇ ಥಾವ್ರಿ ದೋಣಿಗೆ ಬ್ಯಾಟರಿಗಳನ್ನು ಇಳಿಸುತ್ತಿದ್ದಾರೆ. ರಾತ್ರಿಯಿಡೀ ಜನರೇಟರಿನಲ್ಲಿ ಚಾರ್ಜ್ ಆದ ಇವನ್ನು ಮನೆಮನೆಗೆ ತಲುಪಿಸುವುದು ಅವರ ಕಸುಬು. ತೊನ್ಲೆ ಸಾಪ್ ಸರೋವರದ ಮೇಲೆ ತೇಲುವ ನಮ್ಮ ಊರಿಗೆ ಕರೆಂಟಿನ ಕಂಬ ಬಂದಿಲ್ಲ. ಬಂದರೂ ನೆಡಲು ನೆಲವೆಲ್ಲಿದೆ?

ಒಂದು ಬ್ಯಾಟರಿ ಮಾತ್ರ ಎಲ್ಲೂ ಹೋಗುವುದಿಲ್ಲ. ಅವರ ಮನೆಯ ಬಾಗಿಲ ಮೇಲೆ ಬಲೆಯ ತುಂಡು ಸುತ್ತಿಸಿಕೊಂಡು ಕೂತ, ಸೋಪಿನ ಡಬ್ಬಿಯಷ್ಟಿರುವ ಕಂಪ್ಯೂಟರಿಗೆ ಅದು ಮೀಸಲು. ಸಣ್ಣ ಬಲ್ಬಿಗೆ ಬೇಕಾದಷ್ಟು ಕರೆಂಟೂ ಈ ಡಬ್ಬಿಗೆ ಬೇಡ. ಹಗಲೂ ರಾತ್ರಿ ಎಚ್ಚರವಿರುತ್ತದೆ. ಮಕ್ಕಳ ಪಾಠ, ಎಂಜಿನ್ ಬಿಚ್ಚುವ ವಿಡಿಯೊ, ಮದುವೆಯ ಹಾಡು ಎಲ್ಲ ಅದರೊಳಗಿವೆ. ಅಕ್ಕಪಕ್ಕದ ಜಗಲಿಗಳಿಗೆ ಅದರ ಸಿಗ್ನಲ್ ಸಿಗುತ್ತದೆ. ಹತ್ತಿರ ಬಂದ ಫೋನಿನ ಫೋಟೊಗಳು ತಾವಾಗಿ ಅದರಲ್ಲಿ ಉಳಿಯುತ್ತವೆ.

ನಮ್ಮಲ್ಲಿ ಫೋನು ನೀರಿಗೆ ಬೀಳುವುದು ಹೊಸತಲ್ಲ. ಥಾವ್ರಿಯವರ ಗಂಡ ಜ್ವರದಲ್ಲಿ ತೀರಿಕೊಂಡ ವರ್ಷ ಅವರ ಫೋನೂ ಮುಳುಗಿತು. ಗಂಡನ ಒಂದು ಫೋಟೊ ಕೂಡ ಉಳಿಯಲಿಲ್ಲ. "ನನ್ನದಂತೂ ಹೋಯ್ತು. ಇನ್ನೊಬ್ಬರದು ಹೋಗೋದು ಬೇಡ ಅನ್ನಿಸ್ತು," ಎನ್ನುತ್ತಾರೆ. ಆಮೇಲೆಯೇ ಪಟ್ಟಣದ ಹಳೇ ಸಾಮಾನಿನ ಅಂಗಡಿಯಿಂದ ಡಬ್ಬಿ ತಂದರು, ಅವರಿವರನ್ನು ಕೇಳಿ ಕಲಿತರು.

ನೀರು ಇಳಿದಾಗ ತೆಪ್ಪದ ಮೇಲಿನ ಮನೆಗಳನ್ನು ಎಳೆದುಕೊಂಡು ಊರೇ ಆಳದ ಕಡೆ ಸರಿಯುತ್ತದೆ. ಆಗ ಡಬ್ಬಿಯ ಪಕ್ಕ ತಮ್ಮ ಮನೆ ನಿಲ್ಲಿಸಲು ಜನ ಜಗಳವಾಡುತ್ತಾರೆ. ಈ ಸಲ ಶಾಲೆಯ ದೋಣಿ ಕಾಲುವೆಯಾಚೆ ನಿಲ್ಲುತ್ತದೆ, ನೀವೂ ಅಲ್ಲಿಗೇ ಬನ್ನಿ ಎಂದು ಮೇಷ್ಟ್ರು ವಿಬೋಲ್ ಕೇಳಿಕೊಂಡಿದ್ದಾರೆ. ಥಾವ್ರಿ ಒಪ್ಪಿದ್ದಾರೆ. ಆದರೆ ಪಕ್ಕದ ಲುನ್ ಅಜ್ಜಿಯ ಮನೆ ಎಳೆಯುವವರಿಲ್ಲ. ತೆಪ್ಪದ ಬಿದಿರು ಕೊಳೆತಿದೆ. ಬಿಟ್ಟು ಹೋದರೆ ಅಜ್ಜಿ ಕೆಸರಿನಲ್ಲಿ ಒಂಟಿ.

"ನಂಗೇನು? ಡಬ್ಬಿಯಿಂದ ಧರ್ಮದ ಮಾತು ಕೇಳೋದು ತಪ್ಪುತ್ತೆ, ಅಷ್ಟೇ," ಎಂದು ಅಜ್ಜಿ ಮುಖ ತಿರುಗಿಸುತ್ತಾರೆ.

"ಧರ್ಮವಂತೆ! ನೀನು ನೋಡೋದು ದೆವ್ವದ ಸಿನಿಮಾ. ಕಿರುಚೋದು ನಮ್ಮನೆಗೆ ಕೇಳುತ್ತೆ," ಎನ್ನುತ್ತಲೇ ಥಾವ್ರಿ ಅಜ್ಜಿಯ ಮನೆಯನ್ನು ತಮ್ಮ ಮನೆಗೆ ಹಗ್ಗದಿಂದ ಬಿಗಿಯುತ್ತಾರೆ.

ಒಂದು ಎಂಜಿನ್ನು ಎರಡು ಮನೆ ಎಳೆಯುವುದೇ, ಗಾಳಿ ಎದ್ದರೆ ಎರಡೂ ಮುಳುಗುತ್ತವೆ ಎಂದು ನೆರೆಯವರು ಬೈಯುತ್ತಾರೆ. ಥಾವ್ರಿ ಡಬ್ಬಿಯನ್ನು ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ, ಮೇಷ್ಟ್ರ ಕೈಗಿಡುತ್ತಾರೆ. "ಇದರಲ್ಲಿ ಎಲ್ಲರ ಮನೆಯವರೂ ಇದ್ದಾರೆ. ನೀವು ಮುಂದೆ ಹೋಗಿ. ನನ್ನ ಮನೆ ನನ್ನ ಪಾಡು."

ಕಾಲುವೆಯ ನಡುವೆ ಗಾಳಿ ಏಳುತ್ತದೆ. ಅಜ್ಜಿಯ ತೆಪ್ಪದಿಂದ ಬಿದಿರ ಕಟ್ಟೊಂದು ಕಳಚಿ ತೇಲಿಹೋಗಿ ಮೂಲೆ ನೀರಿಗಿಳಿಯುತ್ತದೆ. ಅನ್ನದ ಪಾತ್ರೆ ತಬ್ಬಿಕೊಂಡ ಅಜ್ಜಿ ಥಾವ್ರಿಯ ಏಳು ತಲೆಮಾರನ್ನೂ ಬೈಯುತ್ತಾರೆ. ಥಾವ್ರಿ ಎಂಜಿನ್ ಸದ್ದು ತಗ್ಗಿಸಿ, ನಿಧಾನ, ಇನ್ನೂ ನಿಧಾನ, ಎರಡೂ ಮನೆಗಳನ್ನು ಶಾಲೆಯ ಪಕ್ಕಕ್ಕೆ ತಂದು ನಿಲ್ಲಿಸುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ, ಒದ್ದೆ ಹಗ್ಗ ಹಿಂಡುತ್ತಾ ಹಿಂದೆ ನೋಡುತ್ತಾರೆ. ಅಜ್ಜಿಯ ಬೈಗುಳ ಇನ್ನೂ ಮುಗಿದಿಲ್ಲ.

"ಬರೋ ವರ್ಷ ನೀರು ಇಳಿಯುವಾಗಲೂ ಹಿಂದಿನಿಂದ ಹೀಗೇ ಬೈತಾ ಬರಲಿ. ಅಷ್ಟು ಸಾಕು."